ಎದುರಿನ ಸ್ಟೇಷನ್ನಿಗೆ ಕಾರಿನಲ್ಲಿ

ಡ್ರೈವಿಂಗ್ ಮೇಷ್ಟ್ರ ಮನೆಗೂ ರೈಲ್ವೆ ಸ್ಟೇಷನ್ನಿಗೂ ನಡುವೆ ಇದ್ದದ್ದು ಒಂದೇ ರಸ್ತೆ. ಮಹಡಿಯ ಕಿಟಕಿಯಲ್ಲಿ ನಿಂತರೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಯಾರು ಆಕಳಿಸುತ್ತಿದ್ದಾರೆ ಎಂಬುದೂ ಕಾಣುತ್ತಿತ್ತು. ಯಾವ ರೈಲು ತಡ, ಯಾವ ರೈಲು ರದ್ದು ಎಂದು ಮೈಕಿನಲ್ಲಿ ಹೇಳಿದ್ದು ಅಡುಗೆಮನೆಗೂ ಕೇಳುತ್ತಿತ್ತು. ಇಷ್ಟಾದರೂ ಆ ಮನೆಯವರು ಸ್ಟೇಷನ್ನಿಗೆ ಹೋಗುತ್ತಿದ್ದದ್ದು ಕಾರಿನಲ್ಲಿ.

ನಗುವ ಮೊದಲು ಆ ರಸ್ತೆಯನ್ನು ಸ್ವಲ್ಪ ನೋಡಿ. ಹೋಗಲು ಮೂರು ಸಾಲು, ಬರಲು ಮೂರು ಸಾಲು, ನಡುವೆ ಎದೆಮಟ್ಟದ ಕಬ್ಬಿಣದ ಬೇಲಿ. ಫುಟ್‌ಪಾತ್ ಇತ್ತು, ಅದರ ಮೇಲೆ ಕಾರುಗಳು ನಿಂತಿರುತ್ತಿದ್ದವು. ದಾಟಲು ಸಿಗ್ನಲ್ ಬೇಕೆಂದರೆ ಪೆಟ್ರೋಲ್ ಬಂಕಿನ ಆಚೆ ಹೋಗಬೇಕು. ಬಸ್ ಸ್ಟಾಪೂ ಅಲ್ಲೇ. ಹಾಗಾಗಿ ಮೇಷ್ಟ್ರು ಪ್ರತಿ ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಗೇಟಿನಿಂದ ಎಡಕ್ಕೆ ತಿರುಗಿ, ಬಂಕಿನಾಚೆ ಯೂ-ಟರ್ನ್ ತೆಗೆದುಕೊಂಡು, ಮತ್ತೆ ಅಷ್ಟೇ ದೂರ ವಾಪಸು ಬಂದು, ತಮ್ಮ ಮನೆಯ ಎದುರಿಗೇ ಅವನನ್ನು ಇಳಿಸುತ್ತಿದ್ದರು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಅಂದರೆ ಇದೇ. ಮಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಎಷ್ಟೋ ಸಲ ಯೂ-ಟರ್ನಿನ ಸಾಲಿನಲ್ಲಿ ಸಿಕ್ಕಿಕೊಂಡು, ತಾನು ಹತ್ತಬೇಕಾದ ರೈಲು ಹೊರಡುವುದನ್ನು ಕಾರಿನೊಳಗಿಂದಲೇ ನೋಡುತ್ತಿದ್ದ. ಮಗನಾದ ಮೇಲೆ ಮೊಮ್ಮಗಳು. ಅವಳ ಶಾಲೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಅವಳಿಗೂ ಅದೇ ಸುತ್ತು.

ಮೇಷ್ಟ್ರು ಸ್ವಭಾವದಿಂದ ಕುತೂಹಲದ ಮನುಷ್ಯ. ಫ್ಯಾನು ಯಾಕೆ ಕಿರುಗುಡುತ್ತಿದೆ, ಬೆಕ್ಕು ಯಾಕೆ ಅದೇ ಮೆಟ್ಟಿಲ ಮೇಲೆ ಮಲಗುತ್ತದೆ, ಪಕ್ಕದ ಮನೆಯ ಗಡಿಯಾರ ಯಾಕೆ ಮುಂದೆ ಓಡುತ್ತದೆ, ಎಲ್ಲವೂ ಅವರಿಗೆ ಬೇಕು. ಆದರೆ ದೀಪದ ಬುಡ ಕತ್ತಲು. ಸ್ವಂತ ಗೇಟಿನ ಮುಂದಿನ ರಸ್ತೆ ಯಾಕೆ ಹೀಗಿದೆ ಎಂದು ಅವರು ಯಾವತ್ತೂ ಕೇಳಿದವರಲ್ಲ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರಿಗೆ ರಸ್ತೆ ಅಂದರೆ ಕಾರು ಓಡುವ ಜಾಗ, ಅಷ್ಟೇ.

ಅಂಥವರಿಗೆ ಒಂದು ಗುಟ್ಟಿನ ಕಷ್ಟ ಬಂತು. ಕನ್ನಡಕ ಬದಲಿಸೋಣವೆಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಆಕೆ ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಮೇಷ್ಟ್ರು ಕಂಡ ಚುಕ್ಕಿಗೆಲ್ಲ ಒತ್ತಿ, ಪಾಸಾದೆ ಎಂದುಕೊಂಡು ಎದ್ದರು. ಕಾಣದ ಚುಕ್ಕಿ ಎಷ್ಟಿದ್ದವೆಂದು ಕಾಣದವನಿಗೆ ತಿಳಿಯುವುದು ಹೇಗೆ? ಬಲಗಡೆಯ ಅಂಚಿನ ನೋಟ ಹೋಗಿದೆ, ಔಷಧಿ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ, ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಮೆತ್ತಗೆ ಹೇಳಿದರು.

ಮನೆಗೆ ಬಂದು ಮೇಷ್ಟ್ರು ಕನ್ನಡಕದ ನಂಬರು ಬದಲಾಗಿದೆ ಎಂದಷ್ಟೇ ಹೇಳಿದರು. ಬೆನ್ನುನೋವಿನ ನೆಪ ಮಾಡಿ ಹೊಸಬರಿಗೆ ಕಲಿಸುವುದನ್ನು ನಿಲ್ಲಿಸಿದರು. ಮನೆಯ ಕಾರನ್ನು ಮಾತ್ರ ಬಿಡಲಾಗಲಿಲ್ಲ. ಕತ್ತನ್ನು ಬಲಕ್ಕೆ ತಿರುಗಿಸಿ ತಿರುಗಿಸಿ, ಆಮೆಯ ಹಾಗೆ ಓಡಿಸುತ್ತ, ಈ ವಾರ ಬಿಡುತ್ತೇನೆ, ಬರುವ ವಾರ ಬಿಡುತ್ತೇನೆ ಎಂದು ಮುಂದೂಡಿದರು. ಅದು ತಪ್ಪೆಂದು ಅವರಿಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಹಾಡಿಕೊಳ್ಳುತ್ತಿದ್ದರೆ ಅವರು ಇನ್ನಷ್ಟು ನಿಧಾನಿಸುತ್ತಿದ್ದರು. ಆದರೆ ಸ್ಟೀರಿಂಗ್ ಬಿಟ್ಟರೆ ಮುಂದೇನು? ಈ ರಸ್ತೆಯಲ್ಲಿ ಕಾರಿಲ್ಲದವನು ಗೇಟಿನ ಒಳಗೇ ಬಿದ್ದಿರಬೇಕು, ಯಾರಾದರೂ ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರನ್ನು ನಿಜವಾಗಿ ಹೆದರಿಸಿದ್ದು ಅದು.

ಹೀಗಿರುವಾಗಲೇ ನಗರಸಭೆಯವರು ಬೀದಿಯಲ್ಲಿ ಒಂದು ದೊಡ್ಡ ನಕ್ಷೆ ಅಂಟಿಸಿಹೋದರು. ಮೂರು ಸಾಲಿನ ಬದಲು ಎರಡು ಸಾಲು. ಅಗಲವಾದ ಫುಟ್‌ಪಾತ್. ಸ್ಟೇಷನ್ನಿನ ಬಾಗಿಲಿಗೆ ನೇರವಾಗಿ, ಜನ ನಡೆದು ದಾಟಲು ಉಬ್ಬಿಸಿದ ದಾಟುದಾರಿ. ಬಸ್ ಸ್ಟಾಪು ಬಂಕಿನ ಹತ್ತಿರದಿಂದ ಸ್ಟೇಷನ್ನಿನ ಬಾಗಿಲಿಗೆ, ಬಾಗಿಲ ಮುಂದಿದ್ದ ಕಾರುಗಳು ಹಿಂದಿನ ಖಾಲಿ ಜಾಗಕ್ಕೆ. ನಕ್ಷೆ ನೋಡಿ ಬೀದಿಯವರು ಹೌಹಾರಿದರು. ಮೂಲೆಯ ಔಷಧಿ ಅಂಗಡಿಯವನು ತನ್ನ ವ್ಯಾಪಾರ ಮುಳುಗಿತು ಎಂದ. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಅಂಗಡಿಗೆ ಯಾರು ಬರುತ್ತಾರೆ? ಎಲ್ಲರೂ ಸೇರಿ, ನಗರಸಭೆ ಕರೆದಿದ್ದ ಸಭೆಯಲ್ಲಿ ಮೇಷ್ಟ್ರೇ ಮಾತಾಡಬೇಕೆಂದು ಅವರ ಕೊರಳಿಗೆ ಹೊಣೆ ಕಟ್ಟಿದರು. ಮೇಷ್ಟ್ರೂ ಹುರುಪಿನಿಂದ ಒಪ್ಪಿದರು. ರಸ್ತೆ ಕಿರಿದಾದರೆ ವಾಹನ ಕಿಕ್ಕಿರಿಯುವುದಿಲ್ಲವೇ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದುಂಟೇ? ಬೇಕಾದರೆ ದಾಟುವವರಿಗೆ ಮೇಲ್ಸೇತುವೆ ಕಟ್ಟಲಿ.

ಸಭೆಗೆ ಮುಂಚೆ ಒಂದು ದಿನ ನಕ್ಷೆ ಬರೆದ ಎಂಜಿನಿಯರೇ ಮನೆಗೆ ಬಂದಳು. ನೋಡಿದರೆ ಮೇಷ್ಟ್ರ ಹಳೆಯ ಶಿಷ್ಯೆ. ಕಲಿಯುವಾಗ ನಾಯಿ ಕಂಡರೂ ಬ್ರೇಕು, ನೆರಳು ಕಂಡರೂ ಬ್ರೇಕು ಒತ್ತುತ್ತಿದ್ದುದರಿಂದ ಅವಳಿಗೆ ಬ್ರೇಕಮ್ಮ ಎಂದು ಅವರೇ ಹೆಸರಿಟ್ಟಿದ್ದರು.

"ಸಭೆಯಲ್ಲಿ ನೀವೇ ಮೊದಲು ಎದ್ದು ಬೈತೀರಂತೆ ಮೇಷ್ಟ್ರೇ. ಮುಂಚೇನೇ ಬಂದು ಬೈಸ್ಕೊಂಡು ಹೋಗೋಣ ಅಂತ ಬಂದೆ" ಎಂದಳು.

"ಗುರುವಿಗೇ ತಿರುಮಂತ್ರ ಹಾಕ್ತೀಯಾ? ಕಾರು ಕಲಿಸಿದ್ದು ನಾನು. ಈಗ ಕಾರು ಓಡೋ ಜಾಗಾನೇ ಕಿತ್ಕೋತೀಯಲ್ಲ" ಎಂದರು ಮೇಷ್ಟ್ರು.

ಅವಳು ಕೋಪಿಸಿಕೊಳ್ಳಲಿಲ್ಲ. ಮೈದಾನದಲ್ಲಿ ಮೇಷ್ಟ್ರು ಪ್ಲಾಸ್ಟಿಕ್ ಕೋನುಗಳನ್ನು ನಿಲ್ಲಿಸಿ ಕಲಿಸುತ್ತಿದ್ದುದನ್ನು ನೆನಪಿಸಿದಳು. ಕೋನುಗಳನ್ನು ದೂರದೂರ ಇಟ್ಟಾಗ ತಾನು ಸರ್ರನೆ ಹೋಗುತ್ತಿದ್ದೆ, ಹತ್ತಿರ ಇಟ್ಟಾಗ ಯಾರೂ ಹೇಳದೆಯೇ ಕಾಲು ಆಕ್ಸಿಲರೇಟರಿನಿಂದ ಮೇಲೇಳುತ್ತಿತ್ತು, ಅದು ಯಾಕೆ ಎಂದು ಕೇಳಿದಳು. ಜಾಗ ಕಿರಿದಾದರೆ ಕಾಲಿಗೆ ತಾನೇ ಬುದ್ಧಿ ಬರುತ್ತದೆ ಎಂದು ಮೇಷ್ಟ್ರು ಹೇಳಿಬಿಟ್ಟರು. ಹೇಳಿದ ಮೇಲೆ ತುಟಿ ಕಚ್ಚಿಕೊಂಡರು. 'ನಿಧಾನವಾಗಿ ಚಲಿಸಿ' ಎಂಬ ಬೋರ್ಡು ಎಷ್ಟು ಹಾಕಿದರೂ ಅಗಲವಾದ ರಸ್ತೆ 'ಬೇಗ ಹೋಗು' ಎಂದೇ ಹೇಳುತ್ತಿರುತ್ತದೆ, ಡ್ರೈವರು ಕೇಳುವುದು ರಸ್ತೆಯ ಮಾತನ್ನೇ, ಎಂದಳು ಬ್ರೇಕಮ್ಮ.

ಸೋಲೊಪ್ಪುವುದು ಮೇಷ್ಟ್ರ ಜಾಯಮಾನವಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

"ಆಯ್ತಮ್ಮ, ಜನ ದಾಟಬೇಕು ತಾನೆ? ಮೇಲ್ಸೇತುವೆ ಕಟ್ಟಿ. ಹತ್ತಿ ಇಳಿದರೆ ವ್ಯಾಯಾಮಾನೂ ಆಗತ್ತೆ."

"ವ್ಯಾಯಾಮ ಒಳ್ಳೇದೇ. ಹಾಗಾದ್ರೆ ಕಾರುಗಳೇ ಹತ್ತಿ ಇಳೀಲಿ ಮೇಷ್ಟ್ರೇ. ಅವಕ್ಕಾದ್ರೆ ಎಂಜಿನ್ನಿದೆ, ಅಮ್ಮನ ನೋಯೋ ಮಂಡಿಗೆ ಎಲ್ಲಿದೆ?"

ಒಳಗಿನಿಂದ ಮೇಷ್ಟ್ರ ಹೆಂಡತಿ ನಕ್ಕದ್ದು ಕೇಳಿಸಿತು. ಮೇಷ್ಟ್ರು ಮಾತು ಬದಲಿಸಲು ನೋಡಿದರು. ಬ್ರೇಕಮ್ಮ ಬಿಡಲಿಲ್ಲ. ನಾಳೆ ಸಂಜೆ ತಾನು ಸ್ಟೇಷನ್ ಬಾಗಿಲಲ್ಲಿ ಕಾಯುತ್ತೇನೆ, ಮೇಷ್ಟ್ರು ಕಾರು ಬಿಟ್ಟು ನಡೆದು ಬರಬೇಕು, ಅಲ್ಲಿಯೇ ನಿಂತು ನೋಡಿ ಆಮೇಲೆ ಎಷ್ಟಾದರೂ ಬೈಯಲಿ ಎಂದು ಹೇಳಿ ಹೋದಳು.

ಮರುದಿನ ಮೇಷ್ಟ್ರು ಇಸ್ತ್ರಿಯ ಷರ್ಟು ಹಾಕಿಕೊಂಡು ಹೊರಟರು. ಈಗ ನಡೆದದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಅವರು ಗೇಟಿನಿಂದ ಎಡಕ್ಕೆ ತಿರುಗಿದರು. ನಿಂತ ಕಾರುಗಳನ್ನು ಬಳಸಿಕೊಂಡು, ಚರಂಡಿಯ ಒಡೆದ ಚಪ್ಪಡಿ ಹಾರಿಕೊಂಡು, ಪೆಟ್ರೋಲ್ ಬಂಕ್ ದಾಟಿದರು. ಯೂ-ಟರ್ನ್ ಬಂದಾಗ ಅಭ್ಯಾಸಬಲದಿಂದ ಬಲಗೈ ಚಾಚಿ ಸನ್ನೆಯನ್ನೂ ಮಾಡಿ ತಿರುಗಿದರು. ಆ ಕಡೆಯ ಅಂಚಿನಲ್ಲಿ ಮತ್ತೆ ಅಷ್ಟೇ ದೂರ ನಡೆದು, ಷರ್ಟು ಬೆನ್ನಿಗಂಟಿಕೊಂಡು, ಏದುಸಿರು ಬಿಡುತ್ತ ಸ್ಟೇಷನ್ ಬಾಗಿಲು ಮುಟ್ಟಿದರು. ಇಷ್ಟು ವರ್ಷ ಎದುರಿನ ಸ್ಟೇಷನ್ನಿಗೆ ಹೋಗಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಕಾಲಿಗೆ ಬೇರೆ ದಾರಿ ಇರಬಹುದು ಎಂದು ತಲೆಗೆ ಹೊಳೆಯಲೇ ಇಲ್ಲ.

ಬಾಗಿಲ ಕಟ್ಟೆಯ ಮೇಲೆ ಬ್ರೇಕಮ್ಮ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ಕೂತು ಅದೇ ಪೊಟ್ಟಣಕ್ಕೆ ಕೈ ಹಾಕುತ್ತಿದ್ದವಳು ಮೇಷ್ಟ್ರ ಸ್ವಂತ ಹೆಂಡತಿ. ಅವರು ಹೊರಟಾಗ ಆಕೆ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ನೀನು ಹೇಗೆ ಬಂದೆ?" ಎಂದರು ಮೇಷ್ಟ್ರು.

"ಎಲ್ಲರೂ ಬರೋ ಹಾಗೇ ಬಂದೆ. ನೀವೇನ್ರೀ, ಕಾಲಿಗೂ ಯೂ-ಟರ್ನ್ ಹೊಡೆಸಿದ್ರಾ?"

ಎಲ್ಲರೂ ಬರುವ ದಾರಿಯನ್ನು ಆಕೆ ಬೆರಳಿಟ್ಟು ತೋರಿಸಿದಳು. ನಡುವಿನ ಕಬ್ಬಿಣದ ಬೇಲಿಯಲ್ಲಿ ಎರಡು ಸರಳು ಯಾರೋ ಬಗ್ಗಿಸಿ ಒಬ್ಬರು ನುಸುಳುವಷ್ಟು ಕಿಂಡಿ ಮಾಡಿದ್ದರು. ಆ ಕಿಂಡಿಯಲ್ಲಿ ಜನ ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರು. ಬ್ರೆಡ್ಡಿನ ತಟ್ಟೆ ಹೊತ್ತ ಬೇಕರಿಯವನು, ಶಾಲೆಯ ಚೀಲದವರು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸು. ಕೈಯೆತ್ತಿ ಕಾರುಗಳನ್ನು ಬೇಡಿಕೊಳ್ಳುತ್ತ, ಓಡುತ್ತ, ನಿಲ್ಲುತ್ತ, ಬೇಲಿಗೆ ಬೆನ್ನು ಒತ್ತಿಕೊಂಡು ಉಸಿರು ಹಿಡಿಯುತ್ತ ಬರುತ್ತಿದ್ದರು. ಸ್ಟೇಷನ್ನಿನ ಹಿಂದೆ ಅಕ್ಕನ ಮನೆ ಇದ್ದದ್ದರಿಂದ ಮೇಷ್ಟ್ರ ಹೆಂಡತಿ ಆ ಕಿಂಡಿಯಲ್ಲಿ ದಿನವೂ ನುಸುಳುತ್ತಿದ್ದಳು. ಗಂಡನಿಗೆ ಹೇಳಿದರೆ ಕಾರು ತೆಗೆಯುತ್ತಾರೆ, ಹೋಗಿಬರಲು ಅರ್ಧ ದಿನವಾಗುತ್ತದೆ ಎಂದು ಹೇಳಿರಲಿಲ್ಲ.

ಮೇಷ್ಟ್ರು ಬೆರಗಾದರು. ಆದರೆ ಬೆರಗಿಗಿಂತ ಕುತೂಹಲ ದೊಡ್ಡದು. ಇವರೆಲ್ಲ ಯಾಕೆ ಇಲ್ಲೇ ದಾಟುತ್ತಾರೆ, ಸಿಗ್ನಲ್ಲಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರು. ಬಾಗಿಲಿಗೆ ನೇರವಾಗಿ ಇರುವುದು ಇದೇ ಜಾಗ, ಕಾಲು ಯಾವಾಗಲೂ ನೇರ ದಾರಿ ಹುಡುಕುತ್ತದೆ, ಬೇಲಿ ಹಾಕಿದರೆ ಬೇಲಿ ಬಗ್ಗಿಸುತ್ತದೆ ಎಂದಳು ಬ್ರೇಕಮ್ಮ. ಜನರನ್ನು ತಿದ್ದುವ ಬದಲು ಅವರ ಕಾಲು ಹುಡುಕಿದ ಜಾಗದಲ್ಲೇ ಸರಿಯಾದ ದಾಟುದಾರಿ ಮಾಡುವುದು ಸುಲಭ. ಆಮೇಲೆ ಅವಳು ಯೂ-ಟರ್ನಿನ ಕಡೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಕಾರುಗಳನ್ನು ನೋಡಲು ಹೇಳಿದಳು. ಒಂದರಿಂದ ಇಳಿದದ್ದು ಮೇಷ್ಟ್ರ ಪಕ್ಕದ ಮನೆಯವರು. ಇನ್ನೊಂದರಿಂದ ಅವರ ಮನೆಯ ಹಿಂದಿನ ಬೀದಿಯ ದಂತವೈದ್ಯರು. ಮತ್ತೊಂದರಿಂದ ಔಷಧಿ ಅಂಗಡಿಯವನ ತಮ್ಮ. ಎಲ್ಲರೂ ಹೊರಟದ್ದು ರಸ್ತೆಯ ಆ ಬದಿಯಿಂದ, ಬಂದದ್ದು ಈ ಬದಿಗೆ.

"ರಸ್ತೆ ತುಂಬ ಕಾರು ಅಂತೀರಲ್ಲ, ಅದರಲ್ಲಿ ಬಹಳಷ್ಟು ರಸ್ತೆ ದಾಟೋಕೆ ಅಂತಾನೇ ಬರೋ ಕಾರುಗಳು" ಎಂದಳು.

ಹೊತ್ತಾಗುತ್ತ ಬಂದಿತ್ತು. ಹೆಂಡತಿ ಎದ್ದು ಸೆರಗು ಸಿಕ್ಕಿಸಿಕೊಂಡು ಕಿಂಡಿಯ ಕಡೆ ನಡೆದಳು. ಸಿಗ್ನಲ್ ತನಕ ತಾನೂ ಜೊತೆಗೆ ಬರುತ್ತೇನೆ, ಅಲ್ಲಿಂದ ದಾಟಿ ಎಂದು ಬ್ರೇಕಮ್ಮ ಕೂಗಿದಳು. ಮಂಡಿ ನೋಯುವವಳು ಅಷ್ಟು ದೂರ ಯಾಕೆ ಹೋಗಲಿ ಎಂದು ಆಕೆ ನಿಲ್ಲಲಿಲ್ಲ. ಹೆಂಡತಿ ದಾಟುವುದನ್ನು ತಾನು ದಾಟಲಾರೆನೇ ಎಂದು ಮೇಷ್ಟ್ರೂ ಹಿಂದೆಯೇ ಇಳಿದರು. ಆಕೆ ನಿಂತಾಗ ಅವರು ನಿಲ್ಲಲಿಲ್ಲ. ರಸ್ತೆ ಖಾಲಿ ಎಂದೇ ಅವರಿಗೆ ಕಂಡಿತ್ತು. ಆಕೆ ಷರ್ಟಿನ ಬೆನ್ನು ಹಿಡಿದು ಹಿಂದಕ್ಕೆ ಎಳೆದ ಮೇಲೆ, ಬಲಗಡೆಯಿಂದ ಬಂದ ಬೈಕು ಅವರ ಕೈಗೆ ಗಾಳಿ ಬಡಿಸಿ ಹೋಯಿತು.

ಇಬ್ಬರೂ ಅಂಚಿಗೆ ಬಂದು ನಿಂತರು. ಹೆಂಡತಿ ಬೈಯಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದಳು.

"ನಿಮಗೆ ಅದು ಕಾಣ್ಲೇ ಇಲ್ಲ. ಅಲ್ವಾ?"

ಮೇಷ್ಟ್ರು ಅಲ್ಲೇ ಹೇಳಿದರು. ಡಾಕ್ಟರು ಹೇಳಿದ್ದು, ತಾವು ಮುಚ್ಚಿಟ್ಟದ್ದು, ಮೊಮ್ಮಗಳನ್ನು ಕೂರಿಸಿಕೊಂಡು ಹೋಗುವಾಗಿನ ಭಯ, ಎಲ್ಲವನ್ನೂ. ಹೇಳುತ್ತ ಕಣ್ಣು ತುಂಬಿ ಬಂತು. ಆಕೆ ಅವರ ಜೇಬಿಗೆ ಕೈ ಹಾಕಿ ಕಾರಿನ ಕೀಲಿ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಷ್ಟೇ ತಾನೆ?" ಎಂದಳು. ಇಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ದಿನ ಬ್ರೇಕಮ್ಮನೂ ಸೇರಿ ಮೂವರೂ ಸಿಗ್ನಲ್ಲಿನ ತನಕ ನಡೆದು, ಮಂಡಿಗೆ ಬೇಕಾದಷ್ಟು ಸಲ ನಿಂತು, ಮನೆ ಸೇರಿದರು.

ಮನೆಯಲ್ಲಿ ಮಗ ಮೊದಲು ಕೂಗಾಡಿದ, ಆಮೇಲೆ ಸುಮ್ಮನಾದ. ಸೊಸೆಗೆ ಬೇರೆ ಯೋಚನೆ. ಮಾವ ಕಾರು ಬಿಟ್ಟದ್ದು ಸರಿ, ಆದರೆ ಮಗುವನ್ನು ಆ ರಸ್ತೆಯಲ್ಲಿ ನಡೆಸಲು ತಾನು ಒಪ್ಪುವುದಿಲ್ಲ, ಶಾಲೆಗೆ ತಾನೇ ಕಾರಿನಲ್ಲಿ ಬಿಡುತ್ತೇನೆ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ರಸ್ತೆ ಹಾಗೇ ಇತ್ತು.

ಸಭೆಯ ದಿನ ಮೇಷ್ಟ್ರು ಎದ್ದು ನಿಂತಾಗ ಔಷಧಿ ಅಂಗಡಿಯವನು ಚಪ್ಪಾಳೆಗೆ ಕೈ ಜೋಡಿಸಿಕೊಂಡೇ ಕೂತಿದ್ದ.

"ನನ್ನ ಕಣ್ಣು ಹೋಗ್ತಾ ಇದೆ" ಎಂದರು ಮೇಷ್ಟ್ರು. ಅಂಗಡಿಯವನ ಕೈ ಕೆಳಗಿಳಿಯಿತು. "ಇನ್ನು ಕಾರು ಓಡಿಸಲ್ಲ. ಈ ರಸ್ತೆ ಹೀಗೇ ಇದ್ರೆ ನಾನು ಮನೆಯಿಂದ ಆಚೆ ಬರೋಕಾಗಲ್ಲ. ನಿಮ್ಮಲ್ಲಿ ಅರ್ಧ ಜನಕ್ಕೆ ನಾನೇ ಕಾರು ಕಲಿಸಿದೀನಿ. ನನಗೆ ಆದದ್ದು ನಿಮಗೂ ಒಂದು ದಿನ ಆಗತ್ತೆ. ಒಂದು ಸಲ ಮಾಡಿ ನೋಡೋಣ. ಕೆಟ್ಟರೆ ಕೋನು ಎತ್ತಿಡೋಣ. ಕೋನು ನಾನು ಕೊಡ್ತೀನಿ."

ಹಾಗೆ ಮೊದಲು ಪ್ರಯೋಗವಾಗಲಿ ಎಂದು ತೀರ್ಮಾನವಾಯಿತು. ಮೈದಾನದ ಮೂಲೆಯಲ್ಲಿ ಬಿದ್ದಿದ್ದ ಕೋನುಗಳು ರಸ್ತೆಗೆ ಬಂದವು. ಹಳೆಯ ಟೈರಿಗೆ ಬಣ್ಣ ಬಳಿದು ಅಂಚಿಗಿಟ್ಟರು. ಕಿಂಡಿಯಿದ್ದಲ್ಲಿ ಬೇಲಿ ಬಿಚ್ಚಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಕಟ್ಟೆ ಕಟ್ಟಿ, ದಾಟುವ ದಾರಿಯನ್ನು ಫುಟ್‌ಪಾತಿನ ಎತ್ತರಕ್ಕೆ ಉಬ್ಬಿಸಿದರು. ಬಸ್ಸು ಸ್ಟೇಷನ್ನಿನ ಬಾಗಿಲಿಗೇ ಬಂದು ನಿಲ್ಲತೊಡಗಿತು. ಆಂಬುಲೆನ್ಸಿಗೆ, ಸಾಮಾನಿನ ಗಾಡಿಗೆ, ನಡೆಯಲಾಗದವರನ್ನು ತರುವ ಕಾರಿಗೆ ಪಕ್ಕದಲ್ಲೇ ಜಾಗ ಬಿಟ್ಟರು.

ಮೊದಮೊದಲು ಗಲಾಟೆಯೋ ಗಲಾಟೆ. ಹಾರ್ನಿನ ಸದ್ದಿಗೆ ಸ್ಟೇಷನ್ನಿನ ಮೈಕೇ ಕೇಳಿಸಲಿಲ್ಲ. ಔಷಧಿ ಅಂಗಡಿಯವನು ಮೆಟ್ಟಿಲ ಮೇಲೆ ನಿಂತು, ನಾನು ಬಡಕೊಂಡಿರಲಿಲ್ಲವೇ ಎಂದು ಹೋಗಿಬರುವವರಿಗೆಲ್ಲ ಹೇಳಿದ. ಮೇಷ್ಟ್ರಿಗೂ ಒಳಗೊಳಗೇ ಅಳುಕು. ಮಹಡಿಯ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು, ಉಳಿದಷ್ಟು ಕಣ್ಣಿನಲ್ಲಿ ರಸ್ತೆಯನ್ನೇ ನೋಡುತ್ತ ಕೂತರು. ಬಣ್ಣದ ಟೈರು ಕಂಡ ಕೂಡಲೇ ಯಾವ ಕಾರು ಎಲ್ಲಿ ನಿಧಾನಿಸುತ್ತದೆ, ಯಾರು ಕಟ್ಟೆಯ ಮೇಲೆ ನಿಲ್ಲುತ್ತಾರೆ, ಯಾರು ಓಡುವುದನ್ನು ಬಿಟ್ಟು ನಡೆಯುತ್ತಾರೆ ಎಂದು ಮನೆಯವರಿಗೆಲ್ಲ ವರದಿ ಒಪ್ಪಿಸಿದರು. ದಂತವೈದ್ಯರು ಮೊದಲ ಸಲ ನಡೆದು ದಾಟಿದ್ದನ್ನು ಕಂಡವರೂ ಅವರೇ. ಆಮೇಲೆ ಪಕ್ಕದ ಮನೆಯವರು. ರಸ್ತೆ ದಾಟಲು ಬರುತ್ತಿದ್ದ ಕಾರುಗಳು ಮನೆಯಲ್ಲೇ ಉಳಿದವು, ಸಾಲು ಕರಗಿತು. ನಿಜವಾಗಿ ದೂರ ಹೋಗುವವರಿಗೆ ದಾರಿ ಸಿಕ್ಕಿತು. ಹಾರ್ನು ಪೂರ್ತಿ ನಿಲ್ಲಲಿಲ್ಲ, ಅದು ನಮ್ಮ ಜನರ ಕೈಗಂಟಿದ ಚಟ.

ಔಷಧಿ ಅಂಗಡಿಯವನ ಬಾಯಿ ಮುಚ್ಚಿಸಿದವರು ಬಸ್ಸಿನಲ್ಲಿ ಬಂದವರು. ಬಸ್ಸಿಳಿದವರು ದಾಟಿ ಮನೆಗೆ ಹೋಗುವ ದಾರಿಯಲ್ಲಿ ಅವನ ಅಂಗಡಿ ಸಿಕ್ಕುತ್ತಿತ್ತು. ಕಾರಿನಲ್ಲಿ ಹೋಗುವವನು ಬೋರ್ಡನ್ನೂ ಓದುವುದಿಲ್ಲ, ನಡೆಯುವವನು ಮಾತ್ರೆಯ ಜೊತೆಗೆ ಸಾಬೂನನ್ನೂ ಕೊಳ್ಳುತ್ತಾನೆ ಎಂದು ಅವನು ತಾನೇ ಕಂಡುಹಿಡಿದವನಂತೆ ಈಗ ಎಲ್ಲರಿಗೂ ಹೇಳುತ್ತಾನೆ. ಹೇಳಲಿ ಬಿಡಿ.

ಸೊಸೆ ಮಾತ್ರ ಬೇಗ ಒಪ್ಪಲಿಲ್ಲ. ಎಷ್ಟೋ ಬೆಳಿಗ್ಗೆ ತಾನೇ ಹೋಗಿ ಕಟ್ಟೆಯ ಮೇಲೆ ನಿಂತು ನೋಡಿದಳು. ಕಡೆಗೊಂದು ದಿನ ಮಗಳ ಕೈಯನ್ನು ಅತ್ತೆಯ ಕೈಗೆ ಕೊಟ್ಟು, ಗೇಟಿನಲ್ಲಿ ನಿಂತು ಕಳಿಸಿದಳು. ಈಗ ಕಾರಿನ ಕೀಲಿ ಸೊಸೆಯ ಹತ್ತಿರ ಇದೆ. ಮಳೆ ಜೋರಾದಾಗ, ಯಾರಿಗಾದರೂ ಮೈ ಹುಷಾರಿಲ್ಲದಾಗ ಕಾರು ತೆಗೆಯುತ್ತಾಳೆ. ಉಳಿದ ದಿನ ಅದರ ಬಾನೆಟ್ಟಿನ ಮೇಲೆ ಬೆಕ್ಕು ಮಲಗಿರುತ್ತದೆ. ಆಮೇಲೆ ಮಗನಿಗೆ ರೈಲು ತಪ್ಪಿದ್ದಿಲ್ಲ.

ಕಣ್ಣಿನ ಡಾಕ್ಟರನ್ನು ಮತ್ತೆ ನೋಡುವ ದಿನ ಬಂದಾಗ, ಜೊತೆಗೆ ಬರುತ್ತೇನೆ ಎಂದು ಮನೆಯವರೆಲ್ಲ ಎದ್ದರು. ಮೇಷ್ಟ್ರು ಬೇಡ ಎಂದರು. ಫುಟ್‌ಪಾತಿಗೆ ಇಳಿದು, ದಾಟುದಾರಿಯ ಅಂಚಿನಲ್ಲಿ ನಿಂತು, ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದರು. ಒಂದು ಕಾರು ನಿಧಾನಿಸಿ ನಿಂತಿತು. ಮೇಷ್ಟ್ರು ಅರ್ಧ ದಾಟಿ ಕಟ್ಟೆಯ ಮೇಲೆ ನಿಂತರು, ಎಡಕ್ಕೆ ನೋಡಿ ಉಳಿದರ್ಧವನ್ನೂ ದಾಟಿದರು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು, ಯಾರ ಹಂಗೂ ಇಲ್ಲದೆ ಹೋಗುತ್ತಿದ್ದೇನೆ ಎಂದು ನೆನೆದಾಗ ಅವರಿಗೆ ಚಿಕ್ಕ ಮಕ್ಕಳಿಗಾಗುವಷ್ಟು ಸಂತೋಷವಾಯಿತು.

ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಸರದಿ. ನಿಮ್ಮ ಬೀದಿಯ ನಕ್ಷೆ ಅಂಟಿಸಿದ ದಿನ, ಒಪ್ಪುವ ಮೊದಲು, ಬೈಯುವ ಮೊದಲು, ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರ ಕೈ ಹಿಡಿದುಕೊಂಡು ಹತ್ತಿರದ ಬಸ್ ಸ್ಟಾಪಿನ ತನಕ ನಡೆದು ನೋಡಿ. ಎಲ್ಲಿ ಅವರು ನಿಲ್ಲಬೇಕಾಯಿತೋ, ಎಲ್ಲಿ ನಿಮ್ಮ ಕೈಯನ್ನು ಗಟ್ಟಿಯಾಗಿ ಹಿಡಿದರೋ, ಅದನ್ನು ಸಭೆಗೆ ಹೋಗಿ ಹೇಳಿ. ಅಗಲವಾದ ಫುಟ್‌ಪಾತ್ ಕೇಳಿ, ನೆಲದ ಮಟ್ಟದಲ್ಲೇ ದಾಟುದಾರಿ ಕೇಳಿ, ಸ್ಟೇಷನ್ನಿನ ಬಾಗಿಲಿಗೆ ಬಸ್ಸು ಕೇಳಿ. ಸ್ಟೀರಿಂಗಿನಿಂದ ಎಲ್ಲರ ಕೈಯೂ ಒಂದು ದಿನ ಇಳಿಯುತ್ತದೆ, ನಿಮ್ಮದೂ, ನನ್ನದೂ. ಆ ದಿನ ಗೇಟು ತೆಗೆದು ಹೊರಗೆ ಕಾಲಿಡುವಂತೆ ಇರಬೇಕು ನಮ್ಮ ಬೀದಿ.